ಓದುಗರ ಪ್ರಶ್ನೆ, ನಮ್ಮ ಉತ್ತರ: ಮರುಭೂಮಿಯ ಮಹಾನಗರಕ್ಕೆ ಫ್ರೀವೇ ಬಂದ ಬಗೆ

ಕಳೆದ ತಿಂಗಳ ಅಂಕಣದಲ್ಲಿ ನಗರಗಳ ವರ್ತುಲ ರಸ್ತೆಗಳ ಬಗ್ಗೆ ಬರೆದಿದ್ದೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 1985ರಲ್ಲಿ ನಕ್ಷೆಯ ಮೇಲೆ ಗುರುತಿಸಿದ ಒಂದು ಫ್ರೀವೇ (ಸಿಗ್ನಲ್, ಅಡ್ಡರಸ್ತೆ ಇಲ್ಲದ ಹೆದ್ದಾರಿ) 2019ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆದುಕೊಂಡಿತು ಎಂದು ಅದರಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಬರಹಕ್ಕೆ ಬರಲಿಲ್ಲ. ಆದ್ದರಿಂದ ಈ ಸಲದ ಪುಟಗಳೆಲ್ಲ ಫೀನಿಕ್ಸಿಗೇ ಮೀಸಲು. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಸ್ಪಷ್ಟವಾಗಿ ಕೇಳಿದವರ ಪತ್ರವನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮರುಭೂಮಿ ಎಂದರೆ ಬಟ್ಟಬಯಲು. ಅಲ್ಲಿ ರಸ್ತೆ ಮಾಡಲು ಮೂವತ್ತನಾಲ್ಕು ವರ್ಷ ಏಕೆ ಬೇಕಾಯಿತು? ಅಷ್ಟು ದೊಡ್ಡ ರಸ್ತೆ ಬೇಕಾಗುವಷ್ಟು ಜನ ಅಲ್ಲಿ ಇದ್ದಾರೆಯೇ? (ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ)

ಉತ್ತರ: ಬಟ್ಟಬಯಲು ಎಂಬ ಊಹೆಯನ್ನೇ ಮೊದಲು ತಿದ್ದಿಕೊಳ್ಳಬೇಕು. ಫೀನಿಕ್ಸ್ ಇರುವುದು ಸೊನೋರಾ ಮರುಭೂಮಿಯಲ್ಲಿ. ಅದು ಮರಳು ದಿಬ್ಬಗಳ ನಾಡಲ್ಲ. ಎರಡು ಮಹಡಿಯ ಮನೆಗಿಂತ ಎತ್ತರ ಬೆಳೆಯುವ ಸಗ್ವಾರೊ ಕಳ್ಳಿ, ಮುಳ್ಳು ಮರಗಳು, ಬತ್ತಿದ ಹಳ್ಳಗಳು ಮತ್ತು ಬೋಳುಗುಡ್ಡಗಳ ನಾಡು. ವರ್ಷಕ್ಕೆ ಬೀಳುವ ಮಳೆ ಸುಮಾರು 18 ಸೆಂಟಿಮೀಟರ್, ಅಂದರೆ ನಮ್ಮ ಚಳ್ಳಕೆರೆಯ ಮಳೆಯ ಅರ್ಧವೂ ಇಲ್ಲ. ಆದರೂ ಸಾಲ್ಟ್ ನದಿಯ ಎರಡೂ ದಂಡೆಗಳಲ್ಲಿ, ಪುರಾತತ್ತ್ವಜ್ಞರು ಹೊಹೊಕಮ್ ಎಂದು ಕರೆಯುವ ಜನರು ನೂರಾರು ಮೈಲಿ ಕಾಲುವೆ ತೋಡಿ, ಮೆಕ್ಕೆಜೋಳ ಮತ್ತು ಹತ್ತಿ ಬೆಳೆದು ಶತಮಾನಗಳ ಕಾಲ ಬಾಳಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ವಲಸಿಗರು ಆ ಹಳೆಯ ಕಾಲುವೆಗಳ ಜಾಡು ಹಿಡಿದೇ ನೀರು ಹರಿಸಿದರು. ಬೂದಿಯಿಂದ ಮತ್ತೆ ಹುಟ್ಟುವ ಪುರಾಣದ ಹಕ್ಕಿಯ ಹೆಸರು ಊರಿಗೆ ಬಂದದ್ದು ಈ ಕಾರಣದಿಂದಲೇ. 1911ರಲ್ಲಿ ರೂಸ್‌ವೆಲ್ಟ್ ಅಣೆಕಟ್ಟು ಮುಗಿಯಿತು. ಆಮೇಲೆ ಕೊಲರಾಡೊ ನದಿಯ ನೀರನ್ನು ಸುಮಾರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಪಂಪ್ ಮಾಡಿ ತರುವ ಯೋಜನೆ ಬಂತು. ನೀರು ಮತ್ತು ಹವಾನಿಯಂತ್ರಣ ಯಂತ್ರ ಎರಡೂ ಕೈಗೆ ಸಿಕ್ಕಮೇಲೆ ಊರಿನ ಬೆಳವಣಿಗೆಗೆ ತಡೆಯೇ ಇಲ್ಲವಾಯಿತು.

ಲೆಕ್ಕವನ್ನೇ ನೋಡಿ. 1950ರ ಜನಗಣತಿಯಲ್ಲಿ ಫೀನಿಕ್ಸ್ ನಗರದ ಜನಸಂಖ್ಯೆ 1,06,818, 1960ರಲ್ಲಿ 4,39,170, 2020ರಲ್ಲಿ 16,08,139. ಮೀಸಾ, ಚಾಂಡ್ಲರ್, ಸ್ಕಾಟ್ಸ್‌ಡೇಲ್, ಗ್ಲೆಂಡೇಲ್ ಮುಂತಾದ ಅಕ್ಕಪಕ್ಕದ ಊರುಗಳನ್ನೂ ಸೇರಿಸಿದರೆ ಇಡೀ ಮಹಾನಗರ ಪ್ರದೇಶದಲ್ಲಿ 48 ಲಕ್ಷ ಜನ. ಆದರೆ ಜನಸಂಖ್ಯೆಗಿಂತ ವಿಸ್ತೀರ್ಣವೇ ಹೆಚ್ಚಿನದನ್ನು ಹೇಳುತ್ತದೆ. 1950ರಲ್ಲಿ ಸುಮಾರು 44 ಚದರ ಕಿಲೋಮೀಟರ್ ಇದ್ದ ನಗರ ಇಂದು 1,300 ಚದರ ಕಿಲೋಮೀಟರಿಗೂ ಮಿಗಿಲಾಗಿ ಹರಡಿದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿ 741 ಚದರ ಕಿಲೋಮೀಟರ್ ಇತ್ತು ಎಂಬುದನ್ನು ಪಕ್ಕದಲ್ಲಿ ಇಟ್ಟುಕೊಂಡರೆ, ಅದರ ಒಂದೂ ಮುಕ್ಕಾಲು ಪಾಲು ನೆಲದಲ್ಲಿ ಕೇವಲ ಹದಿನಾರು ಲಕ್ಷ ಜನ ವಾಸಿಸಿದರೆ ಊರು ಹೇಗಿರುತ್ತದೆ ಎಂದು ಊಹಿಸಬಹುದು. ಅಂಗಡಿಯಿಂದ ಮನೆಗೆ, ಮನೆಯಿಂದ ಶಾಲೆಗೆ, ಶಾಲೆಯಿಂದ ಕಚೇರಿಗೆ ಎಲ್ಲವೂ ಕಾರಿನ ದೂರವೇ.

ಇಷ್ಟಾದರೂ ಬಹಳ ಕಾಲ ಆ ಊರಿಗೆ ಫ್ರೀವೇಗಳು ಬೇಕೆನಿಸಿರಲಿಲ್ಲ. ಹಳೆಯ ಭೂಮಾಪನದ ಗೆರೆಗಳ ಮೇಲೆ, ಪ್ರತಿ ಒಂದು ಮೈಲಿಗೆ ಒಂದರಂತೆ, ಚದುರಂಗದ ಮನೆಯ ಹಾಗೆ ನೇರವಾದ ಅಗಲ ರಸ್ತೆಗಳು ಅಲ್ಲಿವೆ. 1960ರ ದಶಕದವರೆಗೆ ಅವೇ ಸಾಕಾಗಿದ್ದವು. ತಡವಾದದ್ದಕ್ಕೆ ಮೊದಲ ಕಾರಣ ಈ ನೆಮ್ಮದಿಯೇ. ಉಳಿದ ಕಾರಣಗಳು ಮುಂದಿನ ಉತ್ತರಗಳಲ್ಲಿ ಬರುತ್ತವೆ.

ಪ್ರಶ್ನೆ: ಫ್ರೀವೇ ಬೇಡವೆಂದು ಅಲ್ಲಿನ ಜನರೇ ಮತ ಹಾಕಿದ್ದರೆಂದು ಕೇಳಿದ್ದೇನೆ. ರಸ್ತೆ ಬೇಡ ಎನ್ನುವ ಜನರೂ ಇರುತ್ತಾರೆಯೇ? (ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ)

ಉತ್ತರ: ನೀವು ಕೇಳಿದ್ದು ನಿಜ. ಅದು ನಗರದ ನಡುವೆ ಪೂರ್ವ ಪಶ್ಚಿಮವಾಗಿ ಹಾಯುವ ಪಾಪಗೊ ಫ್ರೀವೇಯ ಕಥೆ. ಇಂಟರ್‌ಸ್ಟೇಟ್ 10 ಎಂಬ ರಾಷ್ಟ್ರೀಯ ಹೆದ್ದಾರಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ ಫ್ಲೋರಿಡಾದ ಜಾಕ್ಸನ್‌ವಿಲ್‌ವರೆಗೆ, ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಹೋಗುತ್ತದೆ. ಅದು ಫೀನಿಕ್ಸಿನ ನಡುವೆ ಹಾಯಬೇಕಾದ ಭಾಗಕ್ಕೆ ಎಂಜಿನಿಯರರು ಹಾಕಿದ್ದ ಯೋಜನೆಯಲ್ಲಿ ರಸ್ತೆಯು ಕೆಲವೆಡೆ ಸುಮಾರು 100 ಅಡಿ ಎತ್ತರದಲ್ಲಿ ಕಂಬಗಳ ಮೇಲೆ ಸಾಗಬೇಕಿತ್ತು. ಕಾರುಗಳು ಶಂಖದ ಸುರುಳಿಯಂಥ ದಾರಿಗಳಲ್ಲಿ ಸುತ್ತಿ ಸುತ್ತಿ ಹತ್ತಿ ಇಳಿಯಬೇಕಿತ್ತು. ಊರಿನ ಪ್ರಮುಖ ಪತ್ರಿಕೆಯ ಒಡೆಯ ಯೂಜೀನ್ ಪುಲಿಯಮ್ ಇದರ ವಿರುದ್ಧ ಕಟುವಾಗಿ ಪ್ರಚಾರ ಮಾಡಿದರು. 1973ರಲ್ಲಿ ವಿಷಯ ಮತಪೆಟ್ಟಿಗೆಗೆ ಹೋಯಿತು, ಜನರು ಬೇಡವೆಂದರು.

ಜನರು ಬೇಡವೆಂದದ್ದು ರಸ್ತೆಯನ್ನೋ ಅಥವಾ ಆ ವಿನ್ಯಾಸವನ್ನೋ ಎಂದು ಕೇಳಿದರೆ, ವಿನ್ಯಾಸವನ್ನು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಮುಂದಿನ ವರ್ಷಗಳಲ್ಲಿ ಅದೇ ರಸ್ತೆಯನ್ನು ನೆಲಕ್ಕಿಂತ ಕೆಳಗೆ, ಕಂದಕದಲ್ಲಿ ಇಳಿಸಿ, ನಗರದ ಮಧ್ಯಭಾಗದಲ್ಲಿ ಅದರ ಮೇಲೆ ಮುಚ್ಚಿಗೆ ಹಾಕುವ ಯೋಜನೆ ಮುಂದೆ ಬಂದಾಗ ವಿರೋಧ ತಗ್ಗಿತು. ಈ ನಡುವೆ ಏನು ನಷ್ಟವಾಯಿತು ಎಂಬುದನ್ನೂ ಹೇಳಬೇಕು. ರಸ್ತೆಗಾಗಿ ಮೊದಲೇ ಖರೀದಿಸಿ ಕೆಡವಿದ್ದ ಮನೆಗಳ ಜಾಗ, ಹಳೆಯ ಬಡಾವಣೆಗಳ ನಡುವೆ ಉದ್ದನೆಯ ಗಾಯದ ಹಾಗೆ ವರ್ಷಗಟ್ಟಲೆ ಪಾಳುಬಿದ್ದಿತ್ತು. ಫ್ರೀವೇ ಬಂದರೆ ಬಡಾವಣೆ ಒಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ. ಬರುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ಇಪ್ಪತ್ತು ವರ್ಷ ಕಳೆದರೆ ಅದು ಇನ್ನೂ ಕೆಟ್ಟದಾಗಿ ಒಡೆಯುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಇದರ ನಡುವೆ ಒಂದು ಲಾಭವೂ ಆಯಿತು. ರಸ್ತೆಯ ಜಾಡಿನಲ್ಲಿ ಅಗೆಯುವ ಮೊದಲು ಪುರಾತತ್ತ್ವಜ್ಞರಿಗೆ ಅವಕಾಶ ಕೊಟ್ಟಾಗ, ಲಾಸ್ ಕೊಲಿನಾಸ್ ಮತ್ತು ಲಾ ಸಿಯುದಾದ್ ಎಂದು ಹೆಸರಿಟ್ಟ ಹೊಹೊಕಮ್ ನೆಲೆಗಳ ಮನೆಗಳು ಮತ್ತು ಕಾಲುವೆಗಳು ಹೊರಬಂದವು. ಮೊದಲ ಪ್ರಶ್ನೆಯಲ್ಲಿ ಬಟ್ಟಬಯಲು ಎಂದಿದ್ದ ಧಾರವಾಡದ ವಿದ್ಯಾರ್ಥಿ ಇದನ್ನು ಗಮನಿಸಲಿ.

ಕೊನೆಗೆ 1990ರ ಆಗಸ್ಟ್ 10ರಂದು ಈ ಭಾಗ ತೆರೆದುಕೊಂಡಿತು. ಎರಡು ಕಡಲುಗಳ ನಡುವಿನ ಆ ಹೆದ್ದಾರಿಯಲ್ಲಿ ಪೂರ್ಣಗೊಳ್ಳದೆ ಉಳಿದಿದ್ದ ಕೊನೆಯ ತುಂಡು ಇದೇ ಆಗಿತ್ತು. ಮುಚ್ಚಿದ ಭಾಗದ ಉದ್ದ ಸುಮಾರು 880 ಮೀಟರ್. ಜನ ಅದನ್ನು ಸುರಂಗ ಎನ್ನುತ್ತಾರೆ. ಕಟ್ಟಡಶಾಸ್ತ್ರದ ಲೆಕ್ಕದಲ್ಲಿ ಅದು ಒಂದಕ್ಕೊಂದು ಅಂಟಿಸಿಟ್ಟ ಹತ್ತೊಂಬತ್ತು ಸೇತುವೆಗಳ ಸಾಲು. ಅದರ ಮೇಲೆ ಈಗ 32 ಎಕರೆಯ ಉದ್ಯಾನವಿದೆ. 1976ರಿಂದ 1983ರವರೆಗೆ ನಗರದ ಮೇಯರ್ ಆಗಿದ್ದ ಮಾರ್ಗರೆಟ್ ಹಾನ್ಸ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಕೆಳಗೆ ಲಾರಿಗಳು ಓಡುತ್ತಿರುವಾಗ ಮೇಲೆ ಜಪಾನೀ ಶೈಲಿಯ ತೋಟದ ಕೊಳದಲ್ಲಿ ಮೀನುಗಳು ಈಜುತ್ತಿರುತ್ತವೆ.

ಪ್ರಶ್ನೆ: ಫ್ರೀವೇ ಎಂದರೆ ಟೋಲ್ ಇಲ್ಲದ್ದು ಎಂದರ್ಥವೇ? ಹಾಗಿದ್ದರೆ ದುಡ್ಡು ಎಲ್ಲಿಂದ? (ಲಾರಿ ಮಾಲೀಕರು, ದಾವಣಗೆರೆ)

ಉತ್ತರ: ಹೆಸರಿನಲ್ಲಿರುವ ಬಿಡುಗಡೆ ಹಣದಿಂದಲ್ಲ, ಅಡೆತಡೆಯಿಂದ. ಸಿಗ್ನಲ್ ಇಲ್ಲದ, ಅಡ್ಡರಸ್ತೆ ಇಲ್ಲದ, ನಿಗದಿಯಾದ ಏರುದಾರಿ ಮತ್ತು ಇಳಿದಾರಿಗಳಲ್ಲಿ ಮಾತ್ರ ಒಳಗೆ ಹೋಗಿ ಹೊರಗೆ ಬರಬಹುದಾದ ರಸ್ತೆಗೆ ಆ ಹೆಸರು. ಫೀನಿಕ್ಸಿನ ಫ್ರೀವೇಗಳಲ್ಲಿ ಟೋಲ್ ಕೂಡ ಇಲ್ಲ ಎಂಬುದು ಬೇರೆ ಮಾತು. ಅಲ್ಲಿ ಟೋಲ್ ತೆರುವ ಜಾಗ ರಸ್ತೆಯಲ್ಲಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ.

1985ರ ಅಕ್ಟೋಬರಿನಲ್ಲಿ, ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಮತದಾರರು 300ನೆಯ ಪ್ರಸ್ತಾವ ಎಂಬುದಕ್ಕೆ ಒಪ್ಪಿಗೆ ಕೊಟ್ಟರು. ಮಾರಾಟ ತೆರಿಗೆಯ ಮೇಲೆ ಡಾಲರಿಗೆ ಅರ್ಧ ಸೆಂಟ್ ಹೆಚ್ಚುವರಿ, ಇಪ್ಪತ್ತು ವರ್ಷಗಳ ಅವಧಿಗೆ, ಮುಖ್ಯವಾಗಿ ಫ್ರೀವೇಗಳಿಗಾಗಿ. ನೂರು ಡಾಲರಿನ ಸಾಮಾನು ಕೊಂಡರೆ ಐವತ್ತು ಸೆಂಟ್ ರಸ್ತೆಗೆ ಹೋಗುತ್ತದೆ. ಊರಿನ ಸುತ್ತ ಇಂದು ಕಾಣುವ ಲೂಪ್ 101 ಮತ್ತು ಲೂಪ್ 202 ಎಂಬ ವರ್ತುಲಗಳು ಬಹುಪಾಲು ಈ ಅರ್ಧ ಸೆಂಟಿನಿಂದ ಎದ್ದವು. ಆದರೆ ಅಂದಾಜು ಮಾಡಿದಷ್ಟು ಹಣ ಬರಲಿಲ್ಲ, ಜಾಗದ ಬೆಲೆ ಮಾತ್ರ ಏರಿತು. 1990ರ ದಶಕದ ನಡುವೆ ಯೋಜನೆಯಲ್ಲಿದ್ದ ಪ್ಯಾರಡೈಸ್ ಎಂಬ ಫ್ರೀವೇಯನ್ನು ಪೂರ್ತಿ ಕೈಬಿಟ್ಟರು. 2004ರ ನವೆಂಬರಿನಲ್ಲಿ 400ನೆಯ ಪ್ರಸ್ತಾವದ ಮೂಲಕ ತೆರಿಗೆ ಇನ್ನೊಮ್ಮೆ ಇಪ್ಪತ್ತು ವರ್ಷ ಮುಂದುವರಿಯಿತು. ಆಗ ಹಣದ ಹಂಚಿಕೆಯನ್ನು ಫ್ರೀವೇ ಮತ್ತು ಹೆದ್ದಾರಿಗಳಿಗೆ ಶೇ 56.2, ಊರಿನ ಮುಖ್ಯ ರಸ್ತೆಗಳಿಗೆ ಶೇ 10.5, ಬಸ್ಸು ಮತ್ತು ರೈಲಿಗೆ ಶೇ 33.3 ಎಂದು ನಿಗದಿ ಮಾಡಿದ್ದರು. 2024ರ ನವೆಂಬರಿನಲ್ಲಿ 479ನೆಯ ಪ್ರಸ್ತಾವಕ್ಕೂ ಒಪ್ಪಿಗೆ ಸಿಕ್ಕಿತು. ಈ ಸಲ ಫ್ರೀವೇ ಪಾಲು ಶೇ 40.5ಕ್ಕೆ ಇಳಿದಿದೆ, ಸಾರ್ವಜನಿಕ ಸಾರಿಗೆಯದು ಶೇ 37ಕ್ಕೆ ಏರಿದೆ. ನಲವತ್ತು ವರ್ಷಗಳಲ್ಲಿ ಜನರ ಮನಸ್ಸು ಎಷ್ಟು ಸರಿದಿದೆ ಎಂಬುದನ್ನು ಭಾಷಣಗಳಿಗಿಂತ ಈ ಶೇಕಡಾವಾರುಗಳು ಚೆನ್ನಾಗಿ ತೋರಿಸುತ್ತವೆ.

ಈ ಪದ್ಧತಿ ನ್ಯಾಯವೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾರೇ ಇಲ್ಲದೆ ಬಸ್ಸಿನಲ್ಲಿ ಓಡಾಡುವವರೂ ಚಪ್ಪಲಿ ಕೊಂಡಾಗ ಫ್ರೀವೇಗೆ ತೆರುತ್ತಾರೆ. ಹೆಚ್ಚು ರಸ್ತೆ ಬಳಸುವವರಿಂದ ಹೆಚ್ಚು ಪಡೆಯಲು ಇಂಧನ ತೆರಿಗೆ ಎಂಬ ನೇರ ದಾರಿ ಇದೆ; ಅರಿಜೋನಾದಲ್ಲಿ ಪೆಟ್ರೋಲಿನ ಮೇಲಿನ ರಾಜ್ಯ ತೆರಿಗೆ 1991ರಿಂದ ಗ್ಯಾಲನ್ನಿಗೆ 18 ಸೆಂಟ್ ಎಂಬಲ್ಲೇ ನಿಂತಿದೆ. ಅದನ್ನು ಏರಿಸಲು ಯಾವ ರಾಜಕಾರಣಿಗೂ ಧೈರ್ಯ ಬಂದಿಲ್ಲ.

ಪ್ರಶ್ನೆ: 2019ರಲ್ಲಿ ತೆರೆದ ಆ ರಸ್ತೆಗಾಗಿ ಪವಿತ್ರ ಬೆಟ್ಟವೊಂದನ್ನು ಕಡಿದರೆಂದು ಓದಿದೆ. ಬಳಸಿಕೊಂಡು ಹೋಗಲು ಆಗುತ್ತಿರಲಿಲ್ಲವೇ? (ಓದುಗರು, ಸಂಡೂರು)

ಉತ್ತರ: ಸಂಡೂರಿನಿಂದ ಈ ಪ್ರಶ್ನೆ ಬಂದದ್ದು ಸಹಜವೇ. ನೀವು ಹೇಳುತ್ತಿರುವುದು ಸೌತ್ ಮೌಂಟನ್ ಫ್ರೀವೇ. ಅದರ ಉದ್ದ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್. ಪ್ರತಿ ದಿಕ್ಕಿಗೆ ನಾಲ್ಕು ಪಥ, ಅದರಲ್ಲಿ ಒಂದು ಪಥ ದಟ್ಟಣೆಯ ಹೊತ್ತಿನಲ್ಲಿ ಒಬ್ಬರಿಗಿಂತ ಹೆಚ್ಚು ಜನರಿರುವ ವಾಹನಗಳಿಗೆ ಮೀಸಲು. ವೆಚ್ಚ ಸುಮಾರು 170 ಕೋಟಿ ಡಾಲರ್. ಅರಿಜೋನಾದ ಇತಿಹಾಸದಲ್ಲೇ ಒಂದೇ ಯೋಜನೆಯಾಗಿ ಕಟ್ಟಿದ ಅತಿ ದೊಡ್ಡ ಹೆದ್ದಾರಿ ಇದು. ಆ ರಾಜ್ಯದಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಲ್ಯಾಟಿನೊ ಪ್ರತಿನಿಧಿ ಎಡ್ ಪಾಸ್ಟರ್ ಅವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ.

ನಗರದ ದಕ್ಷಿಣಕ್ಕೆ ಸೌತ್ ಮೌಂಟನ್ ಎಂಬ ಬೆಟ್ಟಸಾಲು ಉದ್ದಕ್ಕೆ ಮಲಗಿದೆ. ಅದರಲ್ಲಿ 16,000 ಎಕರೆಗೂ ಹೆಚ್ಚು ಭಾಗ ನಗರದ ಉದ್ಯಾನ. ಬೆಟ್ಟದ ಆಚೆ ಬದಿಯಲ್ಲಿ ಅವಾಟುಕಿ ಎಂಬ ಬಡಾವಣೆ ಬೆಳೆಯಿತು. ಒಳಗೆ ಹೋದ ದಾರಿಯಲ್ಲೇ ಹೊರಗೆ ಬರಬೇಕಾಗಿದ್ದರಿಂದ ಅದನ್ನು ಜಗತ್ತಿನ ಅತಿ ದೊಡ್ಡ ಮುಚ್ಚುಗಲ್ಲಿ ಎಂದು ಅಲ್ಲಿನವರೇ ತಮಾಷೆ ಮಾಡುತ್ತಿದ್ದರು. ಅವಾಟುಕಿಯ ದಕ್ಷಿಣಕ್ಕೆ ಹೀಲಾ ನದಿ ಇಂಡಿಯನ್ ಸಮುದಾಯ ಎಂಬ ಅಮೆರಿಕದ ಮೂಲನಿವಾಸಿಗಳ ನೆಲ ಪ್ರಾರಂಭವಾಗುತ್ತದೆ. ಅಕಿಮೆಲ್ ಓ'ಓಧಮ್ ಮತ್ತು ಪೀ ಪೋಶ್ ಜನರ ಈ ಮೀಸಲು ಪ್ರದೇಶ 1859ರಷ್ಟು ಹಳೆಯದು. ಓ'ಓಧಮ್ ಜನರಿಗೆ ಆ ಬೆಟ್ಟ ಮುಹಾದಗ್ ದೊ'ಅಗ್. ಅವರ ಸೃಷ್ಟಿಕಥೆಗಳಿಗೂ ಆಚರಣೆಗಳಿಗೂ ಸೇರಿದ್ದು.

ಈಗ ನಿಮ್ಮ ಪ್ರಶ್ನೆಯ ಇಕ್ಕಟ್ಟು ಕಾಣುತ್ತದೆ. ಉತ್ತರಕ್ಕೆ ಸರಿದರೆ ಬೆಟ್ಟ, ದಕ್ಷಿಣಕ್ಕೆ ಸರಿದರೆ ಮೂಲನಿವಾಸಿಗಳ ನೆಲ, ನಡುವೆ ಉಳಿದದ್ದು ಮನೆಗಳಿರುವ ಒಂದು ಪಟ್ಟಿ. ಸಮುದಾಯದ ನೆಲದಲ್ಲಿ ದಕ್ಷಿಣಕ್ಕೆ ಬಳಸಿ ಹೋಗುವ ದಾರಿಯೇ ಬೆಟ್ಟವನ್ನು ಉಳಿಸುವ ಏಕೈಕ ದಾರಿಯಾಗಿತ್ತು, ಆದರೆ ಅದಕ್ಕೆ ಅವರ ಒಪ್ಪಿಗೆ ಬೇಕಿತ್ತು. ಸಮುದಾಯದೊಳಗೂ ಒಂದೇ ಅಭಿಪ್ರಾಯ ಇರಲಿಲ್ಲ. ತಮ್ಮ ಜಮೀನಿನ ಪಕ್ಕ ರಸ್ತೆ ಬಂದರೆ ಆದಾಯವಾಗುತ್ತದೆ ಎಂದವರೂ ಇದ್ದರು. 2012ರಲ್ಲಿ ಅವರು ಜನಮತಗಣನೆ ಮಾಡಿದರು. ನಮ್ಮ ನೆಲದಲ್ಲಿ ಬರಲಿ, ನಮ್ಮ ನೆಲದ ಹೊರಗೆ ಬರಲಿ, ಬರುವುದೇ ಬೇಡ ಎಂಬ ಮೂರು ಆಯ್ಕೆಗಳಲ್ಲಿ ಮೂರನೆಯದಕ್ಕೆ ಅತಿ ಹೆಚ್ಚು ಮತ ಬಂತು. ಬರುವುದೇ ಬೇಡ ಎಂಬ ಉತ್ತರಕ್ಕೆ ರಾಜ್ಯ ಸಾರಿಗೆ ಇಲಾಖೆಯಲ್ಲಿ ಕಿವಿ ಇರಲಿಲ್ಲ. ಅವರ ನೆಲವನ್ನು ಬಿಟ್ಟು ಗಡಿಯ ಪಕ್ಕದಲ್ಲೇ ದಾರಿ ಗುರುತಿಸಿದರು. ಬೆಟ್ಟಸಾಲಿನ ನೈಋತ್ಯ ತುದಿಯಲ್ಲಿ ಮೂರು ಏಣುಗಳನ್ನು ಸೀಳಿದರು. ಉದ್ಯಾನದ 30 ಎಕರೆಗಿಂತ ಸ್ವಲ್ಪ ಹೆಚ್ಚು ನೆಲ ಹೋಯಿತು. ಸಮುದಾಯವೂ ಅವಾಟುಕಿಯ ನಿವಾಸಿಗಳ ಗುಂಪೂ ನ್ಯಾಯಾಲಯಕ್ಕೆ ಹೋದವು. 2016ರಲ್ಲಿ ಫೆಡರಲ್ ನ್ಯಾಯಾಲಯವೂ 2017ರ ಕೊನೆಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಇಲಾಖೆಯ ಪರ ತೀರ್ಪು ಕೊಟ್ಟವು.

ಪ್ರಾಣಿಗಳು ದಾಟಲು ಸೇತುವೆಗಳ ಕೆಳಗೆ ದಾರಿ ಬಿಟ್ಟದ್ದು, ಸಗ್ವಾರೊ ಕಳ್ಳಿಗಳನ್ನು ಬೇರುಸಹಿತ ಎತ್ತಿ ಬೇರೆಡೆ ನೆಟ್ಟದ್ದು, ಇವೆಲ್ಲ ನಡೆದಿವೆ, ಮತ್ತು ಮೆಚ್ಚುವಂಥವೇ. ಲಾರಿಗಳು ನಗರದ ಮಧ್ಯಭಾಗವನ್ನು ತಪ್ಪಿಸಿ ಹೋಗಲು ದಾರಿಯಾದದ್ದೂ ನಿಜ. ಆದರೆ 30 ಎಕರೆ ಎಂಬುದು 16,000ದಲ್ಲಿ ಎಷ್ಟು ಚಿಕ್ಕ ಪಾಲು ಎಂದು ವಾದಿಸಿದವರು ಪವಿತ್ರತೆಯನ್ನು ಎಕರೆಯಲ್ಲಿ ಅಳೆದರು. ಎದುರು ನಿಂತವರ ದೂರು ಆ ಅಳತೆಗೋಲಿನ ಬಗ್ಗೆಯೇ ಇತ್ತು. 1985ರ ನಕ್ಷೆಯಲ್ಲಿ ಗೆರೆ ಎಳೆದವರು ಗಡಿಯಾಚೆಯ ಮನೆಯವರನ್ನು ಅಂದೇ ಕೂರಿಸಿಕೊಂಡು ಮಾತನಾಡಿದ್ದರೆ ಬೇರೆ ದಾರಿ ಸಿಗುತ್ತಿತ್ತೇನೋ. ಅವಾಟುಕಿಯಲ್ಲಿ ಮನೆಗಳು ತುಂಬಿಕೊಂಡ ಮೇಲೆ ಆ ಅವಕಾಶ ಉಳಿಯಲಿಲ್ಲ.

ಪ್ರಶ್ನೆ: 101, 202, 303 ಎಂಬ ಸಂಖ್ಯೆಗಳಿಗೆ ಏನಾದರೂ ಲೆಕ್ಕ ಇದೆಯೇ? (ಪ್ರೌಢಶಾಲಾ ವಿದ್ಯಾರ್ಥಿನಿ, ಕುಂದಾಪುರ)

ಉತ್ತರ: ಲೂಪ್ ರಸ್ತೆಗಳಿಗೆ ರಾಜ್ಯ ಕೊಟ್ಟ ಸಂಖ್ಯೆಗಳಿವು, ನೆನಪಿಗೆ ಸುಲಭ ಎಂಬುದನ್ನು ಬಿಟ್ಟರೆ ಹೆಚ್ಚಿನ ಗುಟ್ಟಿಲ್ಲ. ಲೆಕ್ಕ ಇರುವುದು ರಾಷ್ಟ್ರೀಯ ಇಂಟರ್‌ಸ್ಟೇಟ್ ಸಂಖ್ಯೆಗಳಲ್ಲಿ: ಸಮಸಂಖ್ಯೆಯಾದರೆ ಪೂರ್ವ ಪಶ್ಚಿಮ, ಬೆಸಸಂಖ್ಯೆಯಾದರೆ ಉತ್ತರ ದಕ್ಷಿಣ. ಫೀನಿಕ್ಸಿನಲ್ಲಿ ಕೂಡುವ 10 ಮತ್ತು 17 ಎರಡೂ ಈ ನಿಯಮಕ್ಕೆ ಸರಿಯಾಗಿ ಹೊಂದುತ್ತವೆ.

ಪ್ರಶ್ನೆ: ಮಗ ಚಾಂಡ್ಲರ್‌ನಲ್ಲಿ ಕೆಲಸದಲ್ಲಿದ್ದಾನೆ, ಲೂಪ್ 202ರ ಪಕ್ಕದ ಬಡಾವಣೆಯಲ್ಲಿ ಮನೆ ನೋಡುತ್ತಿದ್ದಾನೆ. ವಾಹನಗಳ ಸದ್ದು ಹೆಚ್ಚಿರುತ್ತದೆಯೇ? ಅಲ್ಲಿನ ಬಿಸಿಲಿಗೆ ರಸ್ತೆಯ ಡಾಂಬರು ಕರಗುವುದಿಲ್ಲವೇ? (ಗೃಹಿಣಿ, ಮೈಸೂರು)

ಉತ್ತರ: ಇಂಟೆಲ್ ಮುಂತಾದ ಕಂಪನಿಗಳಿಂದಾಗಿ ಚಾಂಡ್ಲರ್ ಸುತ್ತ ಕನ್ನಡ ಕುಟುಂಬಗಳು ಸಾಕಷ್ಟು ಇವೆ, ಇದೇ ಅರ್ಥದ ಇನ್ನೂ ಎರಡು ಪತ್ರಗಳು ಬಂದಿವೆ.

ಮೊದಲು ಬಿಸಿಲಿನ ಮಾತು. ಫೀನಿಕ್ಸಿನಲ್ಲಿ ದಾಖಲಾದ ಗರಿಷ್ಠ ಉಷ್ಣಾಂಶ 1990ರ ಜೂನ್ 26ರಂದು 50 ಡಿಗ್ರಿ ಸೆಲ್ಸಿಯಸ್. 2023ರ ಬೇಸಿಗೆಯಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ಅಂಥ ದಿನ ಡಾಂಬರಿನ ಮೇಲ್ಮೈ 80 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಜಾರಿ ಬಿದ್ದವರಿಗೆ ರಸ್ತೆಯಿಂದಲೇ ಸುಟ್ಟ ಗಾಯಗಳಾಗಿ ಆಸ್ಪತ್ರೆಗೆ ಸೇರುವುದು ಅಲ್ಲಿ ಪ್ರತಿ ಬೇಸಿಗೆಯ ಸಂಗತಿ. ಆದರೂ ಫ್ರೀವೇ ಕರಗುವುದಿಲ್ಲ, ಏಕೆಂದರೆ ಅದರ ಮೈ ಸಾಮಾನ್ಯವಾಗಿ ದಪ್ಪನೆಯ ಕಾಂಕ್ರೀಟು, ಮತ್ತು ಡಾಂಬರು ಬಳಸುವಲ್ಲಿ ಬಿಸಿಲಿಗೆ ತಡೆಯುವ ದರ್ಜೆಯದನ್ನೇ ಆರಿಸುತ್ತಾರೆ. ಬೇಸಿಗೆಯಲ್ಲಿ ಕಾಂಕ್ರೀಟನ್ನು ರಾತ್ರಿ ಹೊತ್ತು, ತಂಪು ನೀರಿನಲ್ಲಿ ಕಲಸಿ ಹಾಕುತ್ತಾರೆ. ಹಗಲಿನಲ್ಲಿ ಹಾಕಿದರೆ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕರಗುವುದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಹಗಲೆಲ್ಲ ಕಾದ ರಸ್ತೆ ರಾತ್ರಿಯಿಡೀ ಆ ಕಾವನ್ನು ಹೊರಬಿಡುತ್ತದೆ, ಹಾಗಾಗಿ ಮರುಭೂಮಿಯ ತಂಪು ರಾತ್ರಿಯ ಸುಖ ಊರಿನೊಳಗೆ ಕಡಿಮೆಯಾಗುತ್ತ ಬಂದಿದೆ. ಬಡಾವಣೆಯ ಬೀದಿಗಳಿಗೆ ತಿಳಿಬಣ್ಣದ ಲೇಪ ಬಳಿಯುವ ಕೆಲಸವನ್ನು ನಗರಾಡಳಿತ 2020ರಲ್ಲಿ ಶುರುಮಾಡಿತು. ನಡುಹಗಲಿನಲ್ಲಿ ಲೇಪ ಬಳಿದ ಬೀದಿಯ ಮೇಲ್ಮೈ 6 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿದ್ದದ್ದು ಅಳತೆಯಲ್ಲಿ ಕಂಡಿದೆ.

ಇನ್ನು ಸದ್ದು. ಕಾಂಕ್ರೀಟಿನ ಮೇಲೆ ಟೈರು ಉರುಳುವ ಸದ್ದು ಎಂಜಿನ್ನಿನ ಸದ್ದಿಗಿಂತ ಹೆಚ್ಚು. ಫೀನಿಕ್ಸ್ ನಗರದ ಎಂಜಿನಿಯರ್ ಆಗಿದ್ದ ಚಾರ್ಲ್ಸ್ ಮೆಕ್‌ಡೊನಾಲ್ಡ್ 1960ರ ದಶಕದಲ್ಲಿ ಹಳೆಯ ಟೈರುಗಳ ರಬ್ಬರ್ ಪುಡಿಯನ್ನು ಬಿಸಿ ಡಾಂಬರಿನಲ್ಲಿ ಕಲಸಿ ಬಿರುಕು ಮುಚ್ಚುವ ವಿಧಾನ ಕಂಡುಹಿಡಿದರು. ಆ ಮಿಶ್ರಣದ ಒಂದು ಅಂಗುಲದ ಪದರ ಕಾಂಕ್ರೀಟಿನ ಮೇಲೆ ಹಾಸಿದರೆ ಸದ್ದೂ ತಗ್ಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು. 2003ರಿಂದ ರಾಜ್ಯ ಸಾರಿಗೆ ಇಲಾಖೆ ಫೀನಿಕ್ಸಿನ ಫ್ರೀವೇಗಳ ಮೇಲೆ ಇದನ್ನು ವ್ಯಾಪಕವಾಗಿ ಹಾಸಿತು. ಬಿಸಿಲಿಗೆ ಆ ಪದರ ಹತ್ತು ಹದಿನೈದು ವರ್ಷಗಳಲ್ಲಿ ಸವೆದು ಕೀಳತೊಡಗುತ್ತದೆ. ಅದನ್ನು ಕೆರೆದು ತೆಗೆದು, ವಜ್ರದ ಹಲ್ಲಿನ ಯಂತ್ರದಿಂದ ಕೆಳಗಿನ ಕಾಂಕ್ರೀಟನ್ನೇ ಉದ್ದುದ್ದಕ್ಕೆ ಉಜ್ಜಿ ನಯಮಾಡುವ ವಿಧಾನವನ್ನು ಈಗ ಹಲವೆಡೆ ಅನುಸರಿಸುತ್ತಿದ್ದಾರೆ. ಆದ್ದರಿಂದ ಮನೆ ಕೊಳ್ಳುವ ಮುನ್ನ ಮಗನಿಗೆ ಭಾನುವಾರ ಮಧ್ಯಾಹ್ನ ಮಾತ್ರವಲ್ಲ, ವಾರದ ದಿನ ಬೆಳಗ್ಗೆ ಆರೂವರೆಗೆ ಹಿತ್ತಿಲಲ್ಲಿ ಹತ್ತು ನಿಮಿಷ ನಿಂತು ಕೇಳಲು ಹೇಳಿ. ತಡೆಗೋಡೆ ನೆಲಮಹಡಿಗೆ ಕೊಡುವ ರಕ್ಷಣೆ ಮೇಲ್ಮಹಡಿಯ ಮಲಗುವ ಕೋಣೆಗೆ ಸಿಗುವುದಿಲ್ಲ. ಹೊಗೆಯ ಅಂಶವೂ ರಸ್ತೆಗೆ ಅಂಟಿದ ಮೊದಲ ನೂರಿನ್ನೂರು ಮೀಟರಿನಲ್ಲೇ ಹೆಚ್ಚು. ನಾಲ್ಕು ಬೀದಿ ಒಳಗಿನ ಮನೆ ಸಿಕ್ಕರೆ ಅದೇ ಒಳ್ಳೆಯದು.

ಪ್ರಶ್ನೆ: ಮಳೆಯೇ ಇಲ್ಲದ ಊರಿನ ಫ್ರೀವೇಯಲ್ಲಿ ಕಾರುಗಳು ಮುಳುಗಿದ ಚಿತ್ರ ನೋಡಿದ್ದೆ. ಅದು ನಿಜವೇ? (ಓದುಗರು, ಉಡುಪಿ)

ಉತ್ತರ: ನಿಜ. 2014ರ ಸೆಪ್ಟೆಂಬರ್ 8ರಂದು, ಚಂಡಮಾರುತದ ಶೇಷದಿಂದ ಒಂದೇ ದಿನ 8 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಉಡುಪಿಯವರಿಗೆ ಅದು ಆಷಾಢದ ಒಂದು ಸಾಮಾನ್ಯ ಬೆಳಗು; ಫೀನಿಕ್ಸಿಗೆ ದಾಖಲೆ, ವರ್ಷದ ಮಳೆಯ ಅರ್ಧಕ್ಕೆ ಹತ್ತಿರ. ಕಂದಕದಲ್ಲಿ ಇಳಿಸಿದ ಫ್ರೀವೇಯ ಇನ್ನೊಂದು ಮುಖ ಇದು: ನೋಟಕ್ಕೆ ಚೆಂದ, ಸದ್ದಿಗೆ ಒಳ್ಳೆಯದು, ಆದರೆ ಬಿದ್ದ ಪ್ರತಿ ಹನಿಯನ್ನೂ ಪಂಪಿನಿಂದಲೇ ಎತ್ತಬೇಕು. ವರ್ಷದಲ್ಲಿ ಕೆಲವೇ ಗಂಟೆ ಕೆಲಸವಿರುವ ಪಂಪನ್ನು ಆ ಕೆಲವೇ ಗಂಟೆಗಾಗಿ ಸದಾ ಸಜ್ಜಾಗಿ ಇಡುವುದು ಸುಲಭವಲ್ಲ.

ಪ್ರಶ್ನೆ: ಮಗಳು ವಾರಕ್ಕೊಮ್ಮೆ ಫೀನಿಕ್ಸಿನಿಂದ ಟೂಸಾನಿಗೆ ಕಾರು ಓಡಿಸಿಕೊಂಡು ಹೋಗುತ್ತಾಳೆ. ಅಲ್ಲಿ ಧೂಳಿನ ಗೋಡೆಯೇ ಎದ್ದು ಬರುತ್ತದೆಯಂತೆ. ಏನು ಎಚ್ಚರಿಕೆ ಹೇಳಲಿ? (ಓದುಗರು, ಬಾಗಲಕೋಟೆ)

ಉತ್ತರ: ಹಬೂಬ್ ಎಂಬ ಅರಬ್ಬಿ ಹೆಸರಿನ ಆ ಬಿರುಗಾಳಿ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಅಲ್ಲಿನ ಮಳೆಗಾಲದಲ್ಲಿ ಏಳುತ್ತದೆ. ಗುಡುಗಿನ ಮೋಡ ಕುಸಿದಾಗ ಕೆಳಗೆ ನುಗ್ಗುವ ತಣ್ಣನೆಯ ಗಾಳಿ, ಒಣಗಿದ ಹೊಲ ಮತ್ತು ಮರುನೆಲದ ಮಣ್ಣನ್ನು ಮುಂದಕ್ಕೆ ತಳ್ಳಿಕೊಂಡು ಬರುತ್ತದೆ. 2011ರ ಜುಲೈ 5ರಂದು ಫೀನಿಕ್ಸನ್ನು ಮುಚ್ಚಿದ ಗೋಡೆಯ ಎತ್ತರ ಸುಮಾರು ಒಂದು ಮೈಲಿ. ನೀವು ಹೇಳಿದ ದಾರಿಯಲ್ಲಿ, ಪಿಕಾಚೊ ಎಂಬಲ್ಲಿ, 10 ಮೈಲಿ ಉದ್ದಕ್ಕೆ ಧೂಳನ್ನು ಗುರುತಿಸುವ ಸಂವೇದಕಗಳನ್ನು ಹಾಕಿದ್ದಾರೆ. ಅಪಾಯ ಕಂಡಾಗ ಫಲಕದ ಮೇಲಿನ ವೇಗಮಿತಿ ಗಂಟೆಗೆ 75 ಮೈಲಿಯಿಂದ 35ರವರೆಗೆ ತಾನಾಗಿ ಇಳಿಯುತ್ತದೆ.

ಮಗಳಿಗೆ ಹೇಳಬೇಕಾದದ್ದು, ರಾಜ್ಯ ಸಾರಿಗೆ ಇಲಾಖೆಯೇ ಪ್ರತಿವರ್ಷ ಸಾರುವ ಮಾತು. ಧೂಳು ಕಂಡರೆ ಒಳಗೆ ನುಗ್ಗಬಾರದು. ಸಿಕ್ಕಿಕೊಂಡರೆ ಓಡುವ ಪಥವನ್ನೂ, ಸಾಧ್ಯವಾದರೆ ಅಂಚಿನ ಪಟ್ಟಿಯನ್ನೂ ಬಿಟ್ಟು ಆದಷ್ಟು ದೂರ ಸರಿದು ನಿಲ್ಲಬೇಕು. ನಿಂತ ಮೇಲೆ ಎಲ್ಲ ದೀಪಗಳನ್ನೂ ಆರಿಸಿ, ಕೈಬ್ರೇಕು ಹಾಕಿ, ಬ್ರೇಕಿನ ಮೇಲಿಂದ ಕಾಲು ತೆಗೆಯಬೇಕು, ಸೀಟುಬೆಲ್ಟು ಮಾತ್ರ ಬಿಚ್ಚಬಾರದು. ದೀಪ ಆರಿಸುವುದು ನಮಗೆ ವಿಚಿತ್ರವೆನಿಸುತ್ತದೆ, ಏಕೆಂದರೆ ಆಗುಂಬೆಯ ಮಂಜಿನಲ್ಲಿ ನಾವು ದೀಪ ಹಚ್ಚಿಕೊಳ್ಳುತ್ತೇವೆ. ಆದರೆ ಧೂಳಿನಲ್ಲಿ ಕಣ್ಣು ಕಾಣದವರು ಮುಂದಿನ ಕೆಂಪು ದೀಪವನ್ನೇ ರಸ್ತೆಯೆಂದು ನಂಬಿ ಹಿಂಬಾಲಿಸುತ್ತಾರೆ, ನಿಂತ ಕಾರಿಗೆ ಬಂದು ಗುದ್ದುತ್ತಾರೆ.

ಪ್ರಶ್ನೆ: ಇಷ್ಟು ರಸ್ತೆ ಮಾಡಿದ ಮೇಲೆ ದಟ್ಟಣೆ ಕಡಿಮೆಯಾಗಿದೆಯೇ? (ನಿವೃತ್ತ ಓವರ್‌ಸಿಯರ್, ಹಾಸನ)

ಉತ್ತರ: ಒಂದೊಂದು ರಸ್ತೆಯೂ ತೆರೆದ ಹೊಸದರಲ್ಲಿ ಆಗಿದೆ, ಆಮೇಲೆ ಮತ್ತೆ ತುಂಬಿಕೊಂಡಿದೆ. ಲೂಪ್ 101ನ್ನು ಕಟ್ಟಿದ ಮೇಲೆ ಮತ್ತೆ ಅಗಲಗೊಳಿಸಬೇಕಾಯಿತು. ಇಂಟರ್‌ಸ್ಟೇಟ್ 10ರ ಬ್ರಾಡ್‌ವೇ ತಿರುವಿನ ಬಳಿ 11 ಮೈಲಿ ಉದ್ದಕ್ಕೆ 2021ರಲ್ಲಿ ಮತ್ತೆ ಕೆಲಸ ಹಿಡಿಯಬೇಕಾಯಿತು. ಇದರಲ್ಲಿ ಆಶ್ಚರ್ಯವೇನಿಲ್ಲ. ಊರಿನ ಅಂಚಿನಲ್ಲಿ ಫ್ರೀವೇ ಬರುತ್ತದೆಂದು ಗೊತ್ತಾದ ದಿನವೇ ಅಲ್ಲಿನ ನೆಲ ನಿವೇಶನವಾಗುತ್ತದೆ. ಅಲ್ಲಿ ಮನೆ ಕೊಂಡವರು ದಿನಕ್ಕೆ ಎರಡು ಸಲ ಅದೇ ರಸ್ತೆಯಲ್ಲಿ ಹೋಗಿ ಬರುತ್ತಾರೆ. ರಸ್ತೆ ಬೆಳೆಯುವ ಊರಿಗೆ ಸೇವೆ ಮಾಡುತ್ತದೆ ಎಂದು ಯೋಜನೆಯ ಕಡತಗಳಲ್ಲಿ ಬರೆದಿರುತ್ತದೆ. ಊರನ್ನು ಎತ್ತ ಬೆಳೆಸಬೇಕೆಂದು ರಸ್ತೆಯೇ ತೀರ್ಮಾನಿಸುತ್ತದೆ ಎಂದು ಯಾರೂ ಬರೆಯುವುದಿಲ್ಲ. ನೀವು ಓವರ್‌ಸಿಯರ್ ಆಗಿದ್ದವರು, ಇದನ್ನು ನನಗಿಂತ ಹತ್ತಿರದಿಂದ ಕಂಡಿರುತ್ತೀರಿ.

ಈಗ ಬೆಳೆಯುತ್ತಿರುವ ಅಂಚು ಉತ್ತರ ಮತ್ತು ಪಶ್ಚಿಮದಲ್ಲಿ, ಲೂಪ್ 303ರ ಉದ್ದಕ್ಕೆ ಇದೆ. ತೈವಾನಿನ ಟಿಎಸ್‌ಎಂಸಿ ಕಂಪನಿ 2020ರಲ್ಲಿ ಘೋಷಿಸಿದ ಚಿಪ್ ಕಾರ್ಖಾನೆ ಎದ್ದಿರುವುದು ಆ ರಸ್ತೆಯೂ ಇಂಟರ್‌ಸ್ಟೇಟ್ 17ರೂ ಕೂಡುವ ಜಾಗದ ಹತ್ತಿರ. ಆದರೆ ಅದೇ ಅಂಚಿನಲ್ಲಿ ಇನ್ನೊಂದು ಗೆರೆಯೂ ಕಾಣಿಸಿಕೊಂಡಿದೆ. ಅರಿಜೋನಾದ 1980ರ ಅಂತರ್ಜಲ ಕಾಯ್ದೆಯ ವ್ಯವಸ್ಥೆಯಲ್ಲಿ, ಫೀನಿಕ್ಸ್ ಪ್ರದೇಶದಲ್ಲಿ ಹೊಸ ಬಡಾವಣೆ ಮಾಡುವವರು 100 ವರ್ಷಕ್ಕೆ ಸಾಕಾಗುವ ನೀರಿದೆ ಎಂದು ತೋರಿಸಬೇಕು. ಅಂತರ್ಜಲವೊಂದನ್ನೇ ನೆಚ್ಚಿಕೊಂಡ ಹೊಸ ಬಡಾವಣೆಗಳಿಗೆ ಇನ್ನು ಆ ಪ್ರಮಾಣಪತ್ರ ಕೊಡಲಾಗುವುದಿಲ್ಲ ಎಂದು 2023ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿತು. ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಪಶ್ಚಿಮದ ಬಕ್‌ಐ, ಪೂರ್ವದ ಕ್ವೀನ್ ಕ್ರೀಕ್‌ನಂಥ ಅಂಚಿನ ಊರುಗಳಿಗೆ. ಫ್ರೀವೇ ಯೋಜನೆಗೆ ಅಂಥ ಪ್ರಮಾಣಪತ್ರ ಕೇಳುವ ಕಾನೂನು ಇಲ್ಲ.